ಟಿಕೆಟ್ಟು ನಿಮ್ಮ ಕೈಯಲ್ಲೇ ಇರಲಿ



ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ಕೋಶದ ಮಾತು ಹಾಗಿರಲಿ, ದೇಶ ಸುತ್ತುವ ಮಾತು ಬಂದಾಗ ನಮ್ಮಲ್ಲಿ ಬಹುಮಂದಿ ಹೇಳುವುದು ಒಂದೇ: "ನಮಗೆಲ್ಲಿ ಆಗುತ್ತೆ ಬಿಡ್ರೀ! ಮನೆಯವರು ಕರಕೊಂಡು ಹೋದರೆ ಹೋದೆವು, ಇಲ್ಲದಿದ್ದರೆ ಇಲ್ಲ."

ಹಾಗೆಂದು ನಾವು ರೈಲು ಹತ್ತಿಯೇ ಇಲ್ಲವೇ? ಹತ್ತಿದ್ದೇವೆ. ತಿರುಪತಿಗೆ ಹೋಗಿದ್ದೇವೆ, ಮಂತ್ರಾಲಯಕ್ಕೆ ಹೋಗಿದ್ದೇವೆ, ಪುಣ್ಯವಿದ್ದವರು ಕಾಶಿಗೂ ಹೋಗಿ ಬಂದಿದ್ದೇವೆ. ಆದರೆ ಆ ಪ್ರಯಾಣದಲ್ಲಿ ನಮಗೆ ನೆನಪಿರುವುದೇನು? ಒಂಬತ್ತು ಸಾಮಾನನ್ನು ಹತ್ತು ಸಲ ಎಣಿಸಿದ್ದು. ಮಕ್ಕಳಿಗೆ ಚಪಾತಿ ಸುತ್ತಿ ಸುತ್ತಿ ಕೊಟ್ಟದ್ದು. ಅತ್ತೆಯವರ ಮಾತ್ರೆ ಯಾವ ಚೀಲದಲ್ಲಿದೆ ಎಂದು ಹುಡುಕಿದ್ದು. ಕಿಟಕಿಯ ಪಕ್ಕ ಮಕ್ಕಳು ಕೂತಿದ್ದರು. ಟಿಕೆಟ್ಟು ಯಜಮಾನರ ಜೇಬಿನಲ್ಲಿತ್ತು. ಈಗಂತೂ ಅವರ ಮೊಬೈಲಿನಲ್ಲಿರುತ್ತದೆ. ಯಾವ ಬೋಗಿ, ಎಷ್ಟನೇ ಬರ್ತು, ಎಷ್ಟು ಗಂಟೆಗೆ ಊರು ಬರುತ್ತದೆ, ಒಂದೂ ನಮಗೆ ಗೊತ್ತಿಲ್ಲ. ಹೌದು ತಾನೇ? ಸಾಮಾನಿನ ಜೊತೆ ನಾವೂ ಒಂದು ಸಾಮಾನಾಗಿ ಹೋಗಿ ಬಂದೆವು, ಅಷ್ಟೇ.

ಹೊರದೇಶದ ಪ್ರವಾಸಿಗಳನ್ನು ನೀವು ಸ್ಟೇಷನ್ನಿನಲ್ಲಿ ನೋಡಿರಬಹುದು. ಬೆನ್ನಿಗೆ ಚೀಲ, ಕೈಯಲ್ಲಿ ಒಂದು ಪುಸ್ತಕ. ಭಾಷೆ ಬಾರದು, ಖಾರ ತಡೆಯದು, ನಮ್ಮ ನೂಕುನುಗ್ಗಲು ಅವರಿಗೆ ಹೊಸದು. ಆದರೂ ಎಷ್ಟೋ ಹೆಂಗಸರು ಒಬ್ಬೊಬ್ಬರೇ ಬಂದು ನಮ್ಮ ರೈಲು ಹತ್ತಿ ದೇಶವನ್ನೆಲ್ಲ ನೋಡಿಕೊಂಡು ಹೋಗುತ್ತಾರೆ. ನೀಲಗಿರಿಯ ಪುಟ್ಟ ರೈಲು 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ನೋಡಲು ಸಮುದ್ರ ದಾಟಿ ಬರುತ್ತಾರೆ. ಭಾಷೆ ಬಲ್ಲ ನಮಗೆ, ಇಡ್ಲಿ-ವಡೆ ಒಗ್ಗುವ ನಮಗೆ, ಪಕ್ಕದ ಜಿಲ್ಲೆಗೆ ಹೋಗಲು ಭಯ!

ನಮ್ಮ ಬೀದಿಯ ನಾಲ್ವರು ಗೃಹಿಣಿಯರು ಕೆಲವು ವರ್ಷದ ಹಿಂದೆ ಈ ಭಯ ಬಿಟ್ಟರು. ಅವರಲ್ಲಿ ಹಿರಿಯರಿಗೆ ಅರವತ್ತಮೂರು. ಹಾಸನದಲ್ಲಿ ಹಗಲಿನ ರೈಲು ಹತ್ತಿ ಮಂಗಳೂರಿಗೆ ಹೊರಟರು. ಸಕಲೇಶಪುರ ದಾಟಿದ ಮೇಲೆ ಟಿ.ಸಿ. ಬಂದು, "ಟಿಕೆಟ್ ಯಾರ ಹತ್ತಿರ ಇದೆ?" ಎಂದು ಸುತ್ತ ಯಾರಾದರೂ ಗಂಡಸರಿದ್ದಾರೆಯೇ ಎಂದು ನೋಡಿದರಂತೆ. ಆ ಹಿರಿಯರು ಪರ್ಸು ತೆಗೆದು, "ನನ್ನ ಹತ್ರಾನೇ ಇದೆ ಕಣಪ್ಪಾ" ಎಂದರು. ಊರಿಗೆ ಬಂದ ಮೇಲೆ ಅವರು ಘಟ್ಟದ ಸೊಬಗಿಗಿಂತ ಹೆಚ್ಚು ಸಲ ಹೇಳಿದ್ದು ಈ ಮಾತನ್ನೇ. ನಗಬೇಡಿ. ಅರವತ್ತಮೂರು ವರ್ಷದಲ್ಲಿ ಅವರು ಟಿಕೆಟ್ಟನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಅದಕ್ಕೇ ಈ ಸಲ ಸೀರೆ ಮಡಿಸುವುದು ಹೇಗೆ, ಚೀಲ ತುಂಬುವುದು ಹೇಗೆ ಎಂದು ಬರೆಯುವುದಿಲ್ಲ. ಅದರಲ್ಲಿ ನೀವೆಲ್ಲ ನನಗಿಂತ ಜಾಣೆಯರು. ಟಿಕೆಟ್ಟಿನ ವಿಷಯ ಮಾತಾಡೋಣ.

ಟಿಕೆಟ್ಟು ಓದುವುದು ಕಷ್ಟವಲ್ಲ

ಗ್ಯಾಸಿನ ಬಿಲ್ಲು, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಓದುವವರಿಗೆ ರೈಲಿನ ಟಿಕೆಟ್ಟು ಏನು ಮಹಾ? ಅದರಲ್ಲಿ ಮುಖ್ಯವಾದವು ನಾಲ್ಕೇ: ಐದು ಅಂಕಿಯ ರೈಲಿನ ನಂಬರು, ಹತ್ತು ಅಂಕಿಯ ಪಿ.ಎನ್.ಆರ್. ನಂಬರು, ಬೋಗಿ, ಬರ್ತು. ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ನಿಮ್ಮ ಪರ್ಸಿನಲ್ಲಿಡಿ. ಮೊಬೈಲಿನ ಟಿಕೆಟ್ಟಾದರೆ ನಿಮ್ಮ ಮೊಬೈಲಿಗೂ ಕಳಿಸಿಕೊಳ್ಳಿ. ಜೊತೆಗೆ ನಿಮ್ಮ ಗುರುತಿನ ಚೀಟಿ ಇರಲಿ.

'ಎಸ್' ಎಂದರೆ ಮಲಗುವ ಸಾಮಾನ್ಯ ಬೋಗಿ, 'ಬಿ' ಎಂದರೆ ಹವಾನಿಯಂತ್ರಿತ ಮೂರು ಹಂತದ ಬೋಗಿ, 'ಡಿ' ಎಂದರೆ ಕೂತು ಹೋಗುವ ಬೋಗಿ. ಎಸ್ ಬೋಗಿಯಲ್ಲಿ ಬರ್ತು ಕೆಳಗಿನದೋ ಮೇಲಿನದೋ ತಿಳಿಯಲು ಎಂಟರ ಮಗ್ಗಿ ಸಾಕು. ಬರ್ತಿನ ನಂಬರನ್ನು ಎಂಟರಿಂದ ಭಾಗಿಸಿ. ಶೇಷ 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಆದರೆ ನಡುವಿನದು, 3 ಅಥವಾ 6 ಆದರೆ ಮೇಲಿನದು. 7 ಉಳಿದರೆ ಪಕ್ಕದ ಸಾಲಿನ ಕೆಳಗಿನದು, ಏನೂ ಉಳಿಯದಿದ್ದರೆ ಪಕ್ಕದ ಸಾಲಿನ ಮೇಲಿನದು. ನಿಮ್ಮದು 36 ಎನ್ನಿ. ಎಂಟು ನಾಲ್ಕಲ ಮೂವತ್ತೆರಡು, ಉಳಿದದ್ದು ನಾಲ್ಕು. ಕೆಳಗಿನ ಬರ್ತು! ಮಂಡಿನೋವಿನವರಿಗೆ ನೆಮ್ಮದಿ.

ಕೆಳಗಿನ ಬರ್ತು ಬೇಕೆಂದು ಕೇಳುವುದಕ್ಕೆ ಸಂಕೋಚ ಬೇಡ. ನಲವತ್ತೈದು ದಾಟಿದ ಹೆಂಗಸರಿಗೆ, ಬಸುರಿಯರಿಗೆ, ಹಿರಿಯರಿಗೆಂದೇ ಕೆಲವು ಕೆಳಗಿನ ಬರ್ತುಗಳನ್ನು ಮೀಸಲಿಡುತ್ತಾರೆ. ಒಬ್ಬರೇ ಅಥವಾ ಇಬ್ಬರೇ ಹೋಗುವಾಗ ಇದು ಸಿಗುವುದು ಸುಲಭ. ಇದಲ್ಲದೆ ದೂರದ ಮೈಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಎಸ್ ತರಗತಿಯಲ್ಲಿ ಯಾವ ವಯಸ್ಸಿನ ಹೆಂಗಸರಿಗಾದರೂ ಆರು ಬರ್ತು ಮೀಸಲಿದೆ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ಮುಂಗಡ ಟಿಕೆಟ್ಟು ಮೊದಲು ನಾಲ್ಕು ತಿಂಗಳ ಮುಂಚೆಯೇ ಸಿಗುತ್ತಿತ್ತು. 2024ರ ನವೆಂಬರಿನಿಂದ ಆ ಅವಧಿಯನ್ನು ಅರವತ್ತು ದಿನಕ್ಕೆ ಇಳಿಸಿದರು. ಹಬ್ಬದ ದಿನಗಳಿಗಾದರೆ ಅರವತ್ತನೆಯ ದಿನವೇ ವಿಚಾರಿಸಿ. 'ಆರ್.ಎ.ಸಿ.' ಎಂದು ಬಂದರೆ ಗಾಬರಿಯಾಗಬೇಡಿ. ಬೋಗಿ ಹತ್ತಬಹುದು, ಪಕ್ಕದ ಸಾಲಿನ ಕೆಳಗಿನ ಬರ್ತಿನಲ್ಲಿ ಇಬ್ಬರು ಕೂರಬೇಕು, ಯಾರಾದರೂ ಬಾರದಿದ್ದರೆ ಮಲಗಲು ಜಾಗ ಸಿಗುತ್ತದೆ. ಆದರೆ 'ವೇಯ್ಟಿಂಗ್ ಲಿಸ್ಟ್' ಎಂದೇ ಉಳಿದರೆ ರಿಸರ್ವೇಷನ್ ಬೋಗಿ ಹತ್ತುವಂತಿಲ್ಲ. "ಹೇಗೋ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಐದು ತುಂಬದ ಮಕ್ಕಳಿಗೆ ಪ್ರತ್ಯೇಕ ಬರ್ತು ಬೇಡದಿದ್ದರೆ ಟಿಕೆಟ್ಟು ಬೇಡ. ಐದರಿಂದ ಹನ್ನೆರಡರ ಒಳಗಿನ ಮಗುವಿಗೆ ಬರ್ತು ಬೇಕೆಂದರೆ 2016ರಿಂದ ಪೂರ್ತಿ ಹಣ ಕೊಡಬೇಕು. ಹಿರಿಯ ಹೆಂಗಸರಿಗೆ ಅರ್ಧ ದರವಿತ್ತಲ್ಲ, ಅದನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದರು. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಕಾನೂನು ನಿಮ್ಮ ಕಡೆಗಿದೆ

ಇದನ್ನು ಗಮನವಿಟ್ಟು ಓದಿ, ಬೆಳೆದ ಹೆಣ್ಣುಮಕ್ಕಳಿಗೂ ಓದಿ ಹೇಳಿ. 1989ರ ರೈಲ್ವೆ ಕಾಯಿದೆಯ 139ನೆಯ ಕಲಮು ಹೀಗಿದೆ: ಗಂಡಸರ ಜೊತೆಯಿಲ್ಲದೆ ಹೋಗುತ್ತಿರುವ ಹೆಂಗಸನ್ನು, ಟಿಕೆಟ್ಟಿಲ್ಲವೆಂಬ ಕಾರಣಕ್ಕೂ, ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಆಕೆ ಹತ್ತಿದ ಸ್ಟೇಷನ್ನು, ಜಂಕ್ಷನ್ನು, ರೈಲಿನ ಕೊನೆಯ ಸ್ಟೇಷನ್ನು ಅಥವಾ ಜಿಲ್ಲಾ ಕೇಂದ್ರದ ಸ್ಟೇಷನ್ನು, ಇವುಗಳಲ್ಲಿ ಮಾತ್ರ ಇಳಿಸಬಹುದು. ಅದೂ ಹಗಲು ಹೊತ್ತಿನಲ್ಲೇ. ಟಿಕೆಟ್ಟಿಲ್ಲದೆ ಹೋಗಿ ಎಂದು ನಾನು ಹೇಳುತ್ತಿಲ್ಲ, ದಂಡ ತಪ್ಪಿದ್ದಲ್ಲ! ಆದರೆ ಪರ್ಸು ಕಳೆದುಹೋದ ರಾತ್ರಿಯಲ್ಲಿ ಈ ಒಂದು ಮಾತು ಗೊತ್ತಿದ್ದರೆ ಕಾಲು ನಡುಗುವುದಿಲ್ಲ. ಹಾಗೆಯೇ ಹೆಂಗಸರಿಗೆ ಮೀಸಲಾದ ಬೋಗಿಗೆ ಗಂಡಸರು ನುಗ್ಗುವುದು ಅದೇ ಕಾಯಿದೆಯಂತೆ ಅಪರಾಧ.

ತೊಂದರೆಯಾದರೆ 139 ಎಂಬ ನಂಬರಿಗೆ ಫೋನು ಮಾಡಿ. ಕಾನೂನಿನ ಕಲಮೂ 139, ಫೋನಿನ ನಂಬರೂ 139. ನೆನಪಿಡಲು ಎಷ್ಟು ಸುಲಭ! ಒಂಟಿಯಾಗಿ ಹೋಗುವ ಹೆಂಗಸರನ್ನು ವಿಚಾರಿಸಿಕೊಳ್ಳಲು ರೈಲ್ವೆ ರಕ್ಷಣಾ ದಳದವರು 2020ರಲ್ಲಿ 'ಮೇರಿ ಸಹೇಲಿ' ಎಂಬ ವ್ಯವಸ್ಥೆ ಮಾಡಿದರು. ದಳದ ಹೆಣ್ಣುಮಕ್ಕಳು ಬಂದು ಮಾತಾಡಿಸಿದರೆ ನಿಮ್ಮ ಬೋಗಿ, ಬರ್ತು ತಿಳಿಸಿ.

ನಿಮ್ಮ ಎಚ್ಚರ ನಿಮಗಿರಲಿ. ರೈಲು ನಿಧಾನವಾಗುವಾಗ ಕಿಟಕಿಯಿಂದ ಕೈ ಹಾಕಿ ಸರ ಎಳೆಯುವವರಿದ್ದಾರೆ. ಸೆರಗು ಹೊದ್ದು ಕೂಡಿ, ಒಡವೆ ಮನೆಯಲ್ಲೇ ಇರಲಿ. ಅಪರಿಚಿತರು ತಿಂಡಿ ಕೊಟ್ಟರೆ "ಈಗ ತಾನೇ ಊಟ ಆಯ್ತು" ಎಂದು ನಗುತ್ತಾ ಹೇಳಿ. ಮರ್ಯಾದೆಗೂ ಭಂಗವಿಲ್ಲ, ಅಪಾಯವೂ ಇಲ್ಲ.

ಮೊದಲ ಪ್ರವಾಸ ಎಲ್ಲಿಗೆ?

ಎತ್ತಿದ ಕೈಗೆ ಕಾಶಿ ಬೇಡ. ಹಗಲಿನಲ್ಲೇ ಮುಗಿಯುವ ದಾರಿಯಿಂದ ಶುರುಮಾಡಿ. ನಮ್ಮ ನಾಲ್ವರು ಹೋದ ದಾರಿಯೇ ಚೆನ್ನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನವರೆಗೆ 55 ಕಿಲೋಮೀಟರು ಘಟ್ಟ. ಅಷ್ಟರಲ್ಲಿ 57 ಸುರಂಗಗಳು! ಐವತ್ತು ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು ಇಳಿಜಾರು. ಆದ್ದರಿಂದ ರೈಲು ತುಂಬಿದ ಬಸುರಿಯಂತೆ ನಿಧಾನವಾಗಿ ಹೆಜ್ಜೆಯಿಡುತ್ತದೆ. ಕತ್ತಲೆ, ಬೆಳಕು, ಮತ್ತೆ ಕತ್ತಲೆ. ಬೆಳಕು ಬಂದಾಗಲೊಮ್ಮೆ ಕೆಳಗೆ ಪಾತಾಳದಲ್ಲಿ ಹಳ್ಳ, ಎದುರಿಗೆ ಹಸಿರು ಗೋಡೆ. ಈ ದಾರಿ ಮೊದಲು 1979ರಲ್ಲಿ ಸಣ್ಣ ಹಳಿಯಲ್ಲಿ ಶುರುವಾಯಿತು. ಹಳಿ ಅಗಲ ಮಾಡಲೆಂದು 1996ರಲ್ಲಿ ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈಯಲ್ಲಿ ಬೆಂಗಳೂರು-ಮಂಗಳೂರು ಹಗಲು ರೈಲಿಗೆ ಗಾಜಿನ ಮಾಡಿನ ಬೋಗಿಯನ್ನೂ ಸೇರಿಸಿದರು. ಅದರ ದರ ಜಾಸ್ತಿ. ಸಾಮಾನ್ಯ ಬೋಗಿಯ ಕಿಟಕಿಯಲ್ಲೂ ಕಾಣುವುದು ಅದೇ ಘಟ್ಟ.

ಜೋರು ಮಳೆಗಾಲದಲ್ಲಿ ಹೋಗಬೇಡಿ. 2024ರ ಜುಲೈಯಲ್ಲಿ ಯಡಕುಮರಿಯ ಬಳಿ ಗುಡ್ಡ ಕುಸಿದು ಹಲವು ದಿನ ರೈಲು ನಿಂತಿತ್ತು. ದಸರಾ ಕಳೆದ ಮೇಲೆ ಹೋದರೆ ಹಸಿರೂ ಇರುತ್ತದೆ, ಭಯವೂ ಇರುವುದಿಲ್ಲ. ಯಾವ ರೈಲು ಯಾವ ದಿನ ಓಡುತ್ತದೆ ಎಂದು ಹೊರಡುವ ಮೊದಲು ವಿಚಾರಿಸಿ. ಮಂಗಳೂರಿನಲ್ಲಿ ಸೆಂಟ್ರಲ್, ಜಂಕ್ಷನ್ ಎಂದು ಎರಡು ಸ್ಟೇಷನ್ನುಗಳಿವೆ. ಬೆಂಗಳೂರಿನಲ್ಲೂ ಮೆಜೆಸ್ಟಿಕ್ಕಿನದು ಬೇರೆ, ಯಶವಂತಪುರ ಬೇರೆ, ಬೈಯಪ್ಪನಹಳ್ಳಿ ಬೇರೆ. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ಎರಡು ಸಲ ಓದಿ.

ಧೈರ್ಯ ಬಂದ ಮೇಲೆ ಮಂಗಳೂರಿನಿಂದ ಉತ್ತರಕ್ಕೆ ಕೊಂಕಣ ರೈಲಿನಲ್ಲಿ ಹೋಗಿ. ಈ ಹಳಿ ಪೂರ್ತಿಯಾದದ್ದು 1998ರಲ್ಲಿ. ಹೊನ್ನಾವರದ ಹತ್ತಿರ ಶರಾವತಿಯ ಮೇಲಿನ ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ. ಜೋಗದಲ್ಲಿ ಧುಮುಕಿದ ನೀರು ಇಲ್ಲಿ ಸದ್ದಿಲ್ಲದೆ ಸಮುದ್ರಕ್ಕೆ ಹೋಗುವುದನ್ನು ಕೂತಲ್ಲಿಂದಲೇ ನೋಡಬಹುದು. ದೇವರ ದರ್ಶನ ಬೇಕೆಂದರೆ ಕೊಲ್ಲೂರಿಗೆ ಬೈಂದೂರಿನಲ್ಲಿ ಇಳಿಯಬೇಕು. ಮುರುಡೇಶ್ವರ, ಗೋಕರ್ಣಗಳಿಗೂ ಸ್ಟೇಷನ್ನುಗಳಿವೆ. ಗೋಕರ್ಣದ ಸ್ಟೇಷನ್ನು ಊರಿನಿಂದ ಸ್ವಲ್ಪ ದೂರ, ಆಟೋ ಹಿಡಿಯಬೇಕು. ಕೆಲವು ಸ್ಟೇಷನ್ನುಗಳಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ಹಿಂದಿನ ಸ್ಟೇಷನ್ನು ಬಿಟ್ಟ ಕೂಡಲೇ ಸಾಮಾನು ಬಾಗಿಲ ಹತ್ತಿರ ಬರಲಿ.

ಬುತ್ತಿ ಹಗುರವಾಗಿರಲಿ

ಬುತ್ತಿಯ ಮಾತಿಲ್ಲದೆ ನಮ್ಮ ಪ್ರಯಾಣ ಮುಗಿಯುವುದುಂಟೇ? ಚಪಾತಿ ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ಕಲಸಿ, ಸಂಜೆಯವರೆಗೂ ಮೆತ್ತಗಿರುತ್ತದೆ. ಕಾಯಿಚಟ್ನಿ ಬೇಡ, ಹಳಸುತ್ತದೆ. ಚಟ್ನಿಪುಡಿಗೆ ಎಣ್ಣೆ ಕಲಸಿ ಒಯ್ಯಿರಿ. ಮೊಸರನ್ನಕ್ಕೆ ಅನ್ನವನ್ನು ಆರಿಸಿ, ಹಾಲು ಹೆಚ್ಚಾಗಿ ಹಾಕಿ, ಒಂದೇ ಚಮಚ ಮೊಸರು ಸೇರಿಸಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಹುಳಿಯವಲಕ್ಕಿ, ಹುರಿಗಡಲೆ, ನಾಲ್ಕು ಬಾಳೆಹಣ್ಣು ಸಾಕೇ ಸಾಕು. ಸ್ಟವ್ವು, ಸೀಮೆಎಣ್ಣೆ, ಗ್ಯಾಸು ರೈಲಿನಲ್ಲಿ ಒಯ್ಯುವುದು ಅಪರಾಧ. ಕಾಫಿ ಬೇಕೆಂದರೆ ಫ್ಲಾಸ್ಕಿನಲ್ಲಿ ತುಂಬಿಕೊಳ್ಳಿ.

ಮತ್ತೊಂದು ಮಾತು. ಬಡಿಸುವ ಕೆಲಸ ಒಬ್ಬರಿಗೇ ಬೇಡ. ಒಬ್ಬೊಬ್ಬರಿಗೂ ಬೇರೆ ಬೇರೆ ಪೊಟ್ಟಣ ಕಟ್ಟಿ ಅವರವರ ಕೈಗೇ ಕೊಟ್ಟುಬಿಡಿ. ಮನೆಯವರ ಜೊತೆ ಹೋಗುವಾಗಲೂ ಹೀಗೇ ಮಾಡಿ. ಸಾಮಾನು ಎಣಿಸುವ ಕೆಲಸವನ್ನು ದೊಡ್ಡ ಮಗನಿಗೆ ಒಪ್ಪಿಸಿ. ಹೋಗುವಾಗ ಮಕ್ಕಳು ಕಿಟಕಿಯ ಪಕ್ಕ ಕೂರಲಿ, ಬರುವಾಗ ನೀವು ಕೂಡಿ.

"ಇದಕ್ಕೆಲ್ಲ ಯಜಮಾನರು ಏನಂತಾರೋ?" ಎನ್ನುವಿರಾ? ಜಗಳವಾಡಿ ಹೋಗಿ ಎಂದು ನಾನು ಹೇಳುವುದಿಲ್ಲ. ಮುಂದಿನ ಸಲ ಎಲ್ಲರೂ ಒಟ್ಟಿಗೆ ಹೊರಟಾಗ, "ಈ ಸಲ ಟಿಕೆಟ್ಟು ನಾನು ತರುತ್ತೇನೆ, ನನ್ನ ಹತ್ತಿರವೇ ಇರಲಿ" ಎಂದು ಕೇಳಿ ನೋಡಿ. ಬೋಗಿ ಹುಡುಕಿ ಎಲ್ಲರನ್ನೂ ನೀವೇ ಕೂರಿಸಿ. ಒಂದು ಸಲ ಅವರು ಅದನ್ನು ಕಣ್ಣಾರೆ ಕಂಡರೆ, ನಾಳೆ ನೀವು ತಂಗಿಯ ಜೊತೆ ಮಂಗಳೂರಿಗೆ ಹೊರಟೆ ಎಂದಾಗ ಅರ್ಧ ಆತಂಕ ತಾನಾಗಿಯೇ ಇಳಿದಿರುತ್ತದೆ. ನಾವು ಮನೆ ನಡೆಸುತ್ತೇವೆ, ಮದುವೆ ನಡೆಸುತ್ತೇವೆ, ನೂರು ಜನಕ್ಕೆ ಎಲೆ ಹಾಕಿಸುತ್ತೇವೆ. ಒಂದು ರೈಲು ಹತ್ತಿ ಇಳಿಯಲಾರೆವೇ?

ಈ ಚಳಿಗಾಲದಲ್ಲಿ ಒಂದು ದಿನ ಗೊತ್ತುಮಾಡಿ. ಸ್ಟೇಷನ್ನಿಗೆ ಹೋಗಿ ರಿಸರ್ವೇಷನ್ ಅರ್ಜಿಯನ್ನು ನಿಮ್ಮ ಕೈಯಿಂದಲೇ ತುಂಬಿ ಕೊಡಿ. ಹೋಗಿ ಬಂದ ಮೇಲೆ, ಕಿಟಕಿಯಿಂದ ಏನೇನು ಕಂಡಿರಿ ಎಂದು ನನಗೆ ಬರೆಯುವುದನ್ನು ಮಾತ್ರ ಮರೆಯಬೇಡಿ.