ಮತದಾರ ಬೇರೆ, ಕೇಳುಗ ಬೇರೆ

ಚುನಾವಣೆಯಲ್ಲಿ ನಮ್ಮ ಬೆರಳಿಗೆ ಬಳಿಯುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ಟೀವಿಯ ಹಾಡಿನ ಸ್ಪರ್ಧೆಗೆ ಮತ ಹಾಕುವವರಿಗೂ ಅದನ್ನೇ ಹಚ್ಚಬೇಕೆಂದು ನಾಳೆ ಯಾರಾದರೂ ಕಾನೂನು ತಂದರೆ ಅರ್ಧಕ್ಕರ್ಧ ಅಭಿಮಾನಿ ಸಂಘಗಳು ಬಾಗಿಲು ಹಾಕಿಕೊಂಡಾವು. 2006ರಲ್ಲಿ ಅಮೆರಿಕನ್ ಐಡಲ್‌ನ ಅಂತಿಮ ಸುತ್ತಿಗೆ ಬಿದ್ದ ಮತಗಳು 6.34 ಕೋಟಿ. ಅಮೆರಿಕದ ಯಾವ ಅಧ್ಯಕ್ಷನಿಗೂ ಇಷ್ಟು ಮತ ಬಿದ್ದಿಲ್ಲ ಎಂದು ನಿರೂಪಕರು ವೇದಿಕೆಯ ಮೇಲೇ ಹೇಳಿಕೊಂಡರು. ಅಧ್ಯಕ್ಷನಿಗೆ ಮತ ಹಾಕುವವನು ಒಂದು ಸಲ ಹಾಕಿ ಮನೆಗೆ ಹೋಗಬೇಕು. ಐಡಲ್‌ಗೆ ಹಾಕುವವನು ಆಗ ಲೈನ್ ತೆರೆದಿರುವಷ್ಟು ಹೊತ್ತೂ ರೀಡಯಲ್ ಒತ್ತುತ್ತ ಕೂರಬಹುದಿತ್ತು. ನಾವು ಕಳ್ಳವೋಟು ಎಂದು ಕೇಸು ಹಾಕುವ ಕೆಲಸಕ್ಕೆ ಅಲ್ಲಿ ಅಭಿಮಾನ ಎಂದು ಹೆಸರು.

ಹಾಗಾದರೆ ಹಾಡನ್ನು ಮತಕ್ಕೆ ಹಾಕಬಾರದೇ? ಬಲ್ಲವರು ತೀರ್ಪು ಕೊಡಲಿ, ಜನಕ್ಕೇನು ಗೊತ್ತು ಎನ್ನುವ ಸಂಗೀತಪ್ರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಪ್ರಯೋಗವನ್ನೂ ಈ ದೇಶ ಮಾಡಿ ನೋಡಿದೆ. 1952ರಲ್ಲಿ ಕೇಂದ್ರದ ಪ್ರಸಾರ ಸಚಿವರಾಗಿ ಬಂದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಅವರ ಕಾಲದಲ್ಲಿ ಅದು ಆಕಾಶವಾಣಿಯಿಂದ ಹೆಚ್ಚುಕಮ್ಮಿ ಗಡೀಪಾರಾಯಿತು. ಜನ ಮೆರವಣಿಗೆ ಮಾಡಲಿಲ್ಲ, ಧಿಕ್ಕಾರ ಕೂಗಲಿಲ್ಲ. ರೇಡಿಯೋದ ಕಿವಿ ಹಿಂಡಿ ಸಿಲೋನ್ ಕೇಂದ್ರಕ್ಕೆ ಹೋದರು, ಅಲ್ಲಿ ಸಿನಿಮಾ ಹಾಡು ಕೇಳಿಸುತ್ತಿದ್ದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಮನೆಮಾತಾಯಿತು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ಶುರುಮಾಡಿ ಆಕಾಶವಾಣಿಯೇ ಸೋಲೊಪ್ಪಿತು. ಜನರ ಕಿವಿಯ ಬಗ್ಗೆ ನನಗೆ ಅನುಮಾನವಿಲ್ಲ. ಟೀವಿ ಕೇಳುವ ಪ್ರಶ್ನೆ ಮಾತ್ರ ಕಿವಿಗೆ ಸಂಬಂಧಪಟ್ಟದ್ದಲ್ಲ.

ಅದು ಕೇಳುವುದು, ಮುಂದಿನ ವಾರವೂ ಯಾರು ಇಲ್ಲಿರಬೇಕು ಎಂದು. ಇದಕ್ಕೆ ಉತ್ತರ ಬರುವುದು ಕನಿಕರದಿಂದ, ಊರಿನ ಅಭಿಮಾನದಿಂದ, ಜಾತಿಯಿಂದ, ಮುಖದ ಚೆಲುವಿನಿಂದ. ಚೆನ್ನಾಗಿ ಹಾಡುವವರಿಗೆ ಇನ್ನೊಂದು ಕಂಟಕವುಂಟು: ಅವರು ಹೇಗೂ ಸೇಫ್ ಎಂದು ಅವರನ್ನು ಮೆಚ್ಚಿದವರೇ ಫೋನು ಕೆಳಗಿಡುತ್ತಾರೆ. 2004ರ ಏಪ್ರಿಲ್‌ನಲ್ಲಿ ಅಮೆರಿಕನ್ ಐಡಲ್‌ನ ಮೂವರು ಘಟಾನುಘಟಿ ಗಾಯಕಿಯರು ಒಂದೇ ವಾರ ಕೊನೆಯ ಮೂರು ಸ್ಥಾನಕ್ಕೆ ಜಾರಿದರು. ಮನೆಗೆ ಹೋದದ್ದು ಜೆನಿಫರ್ ಹಡ್ಸನ್. ಮೂರು ವರ್ಷದೊಳಗೆ, ಹಾಡುಗಾರ್ತಿಯೊಬ್ಬಳ ಪಾತ್ರಕ್ಕೇ, ಆಕೆಯ ಕೈಯಲ್ಲಿ ಆಸ್ಕರ್ ಇತ್ತು. ನಮ್ಮಲ್ಲಿ 2005ರ ಫೇಮ್ ಗುರುಕುಲ್ ನೋಡಿ. ತೀರ್ಪುಗಾರರು ಗಾಯನವನ್ನು ಎಷ್ಟು ಟೀಕಿಸಿದರೂ ಕಾಶ್ಮೀರದ ಕಾಜಿ ತೌಕೀರ್ ಅವರನ್ನು ಜನ ಪ್ರತಿ ವಾರ ಉಳಿಸಿಕೊಂಡು ಗೆಲ್ಲಿಸಿಯೇ ಬಿಟ್ಟರು. ಫೈನಲ್‌ಗೂ ಮೊದಲೇ ಜನಮತದಲ್ಲಿ ಸೋತು ಹೊರಬಿದ್ದ ಹುಡುಗನ ಹೆಸರು ಅರಿಜಿತ್ ಸಿಂಗ್. ಮುಂದೆ ಅವರನ್ನು ಆಟೋದಲ್ಲಿ, ಜಿಮ್ಮಿನಲ್ಲಿ, ಮದುವೆ ಮನೆಯಲ್ಲಿ ಹಗಲೂ ರಾತ್ರಿ ಕೇಳಿದ್ದೂ ಇದೇ ದೇಶದ ಜನ. ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಎಸ್‌ಎಂಎಸ್ ಕೂಡ.

ಇಂಥ ಎಡವಟ್ಟಿನಿಂದ ವಾಹಿನಿಗೆ ನಷ್ಟವೆಂದು ಮರುಗಬೇಡಿ. ಕಳಪೆ ಹಾಡುಗಾರ ಹೊರಹೋದರೆ ಅಳುವವರಾರು? ಎಲಿಮಿನೇಷನ್ ಸುತ್ತಿಗೆ ಬೇಕಾದದ್ದು ಅನ್ಯಾಯ. ಅದನ್ನು ಬಡಿಸುವ ಕ್ರಮವಂತೂ ಯಾವ ಭಾಷೆಯ ವಾಹಿನಿಯಲ್ಲೂ ಬದಲಾಗದು. ದೀಪಗಳು ಮಂಕಾಗುತ್ತವೆ. ಡೇಂಜರ್ ಝೋನ್‌ನ ಇಬ್ಬರು ಪರಸ್ಪರ ಕೈ ಹಿಡಿದು ನಿಲ್ಲುತ್ತಾರೆ. ನಿರೂಪಕಿ ಲಕೋಟೆ ಕೈಗೆತ್ತಿಕೊಂಡು, ‘ಈ ವಾರ ನಮ್ಮನ್ನು ಬಿಟ್ಟು ಹೋಗುತ್ತಿರುವವರು...’ ಎಂದು ನಿಲ್ಲಿಸುತ್ತಾಳೆ. ಎದೆಬಡಿತದ ಸದ್ದು. ಮೊದಲ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡ ತಾಯಿ, ಅದೇ ತಾಯಿ ಇನ್ನೊಂದು ಕಡೆಯಿಂದ, ಮತ್ತೆ ಸ್ಲೋ ಮೋಷನ್‌ನಲ್ಲಿ. ಆಮೇಲೆ ಅಡುಗೆ ಎಣ್ಣೆಯ ಜಾಹೀರಾತು. ಮರಳಿ ಬಂದಾಗ ಲಕೋಟೆ ಇನ್ನೂ ಬಿಚ್ಚಿಯೇ ಇಲ್ಲ! ಹೆಸರು ಹೊರಬಿದ್ದ ಮೇಲೆ ತೀರ್ಪುಗಾರರು ಕಣ್ಣೊರೆಸಿಕೊಂಡು, ‘ನಿನ್ನ ಪಯಣ ಈಗಷ್ಟೇ ಶುರು ಮಗನೇ’ ಎನ್ನುತ್ತಾರೆ. ವೈಲ್ಡ್ ಕಾರ್ಡ್ ಎಂಬ ಪುನರ್ಜನ್ಮದ ವ್ಯವಸ್ಥೆಯೂ ಇರುವುದರಿಂದ ಈ ಸಾವಿಗೆ ಸೂತಕವೂ ಪೂರ್ತಿ ಅಂಟುವುದಿಲ್ಲ.

ಇಷ್ಟೆಲ್ಲ ಸಂಭ್ರಮದಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು ವಾರವಾರ ಹೇಳುವ ರೂಢಿಯಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಎಣಿಕೆ ಏಜೆಂಟರು ಪೆನ್ನು ಹಿಡಿದು ಕೂರುತ್ತಾರೆ. ಇಲ್ಲಿ ಎಣಿಸುವವರೂ ವಾಹಿನಿಯವರೇ, ನಂಬಿ ಎನ್ನುವವರೂ ಅವರೇ. ದಕ್ಷಿಣ ಕೊರಿಯಾದಲ್ಲಿ ಹಾಗೆ ನಂಬದವರಿದ್ದರು. ಪ್ರೊಡ್ಯೂಸ್ 101 ಎಂಬ ಟೀವಿ ಸ್ಪರ್ಧೆಯ ಸರಣಿಯಲ್ಲಿ ಮತಗಳನ್ನು ತಿದ್ದಿದ್ದಕ್ಕೆ ಅದರ ನಿರ್ಮಾಪಕನಿಗೆ 2020ರಲ್ಲಿ ಎರಡು ವರ್ಷದ ಸಜೆಯಾಯಿತು.

ಮತ ಎಂದಮೇಲೆ ಅದು ತನ್ನ ರಾಜಕೀಯದ ಕೆಲಸ ಮಾಡದೆ ಬಿಡುವುದಿಲ್ಲ. 2007ರ ಇಂಡಿಯನ್ ಐಡಲ್ ಫೈನಲ್‌ನಲ್ಲಿ ಎದುರಾದವರು ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್, ಶಿಲ್ಲಾಂಗಿನ ಅಮಿತ್ ಪೌಲ್. ತಮಾಂಗ್ ಆಗ ಕೋಲ್ಕತ್ತಾದಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಎಸ್‌ಎಂಎಸ್ ಖರ್ಚಿಗೆಂದು ಬೆಟ್ಟದ ಊರುಗಳಲ್ಲಿ ಚಂದಾ ಎತ್ತಿದರು. ಅತ್ತ ಮೇಘಾಲಯ ಸರ್ಕಾರ ಬಂಗಾಳಿ ಮೂಲದ ಅಮಿತ್ ಅವರನ್ನು ಶಾಂತಿ ಸೌಹಾರ್ದದ ರಾಯಭಾರಿ ಎಂದು ಸಾರಿತು. ಬುಡಕಟ್ಟಿನವರಿಗೂ ಬಂಗಾಳಿಗಳಿಗೂ ಬಹುಕಾಲ ಹೊಂದಿಕೆಯಾಗದ ಊರು ಶಿಲ್ಲಾಂಗ್. ತಮಾಂಗ್ ಗೆದ್ದ ಮೇಲೆ ದೆಹಲಿಯ ಎಫ್‌ಎಂ ವಾಹಿನಿಯೊಂದರಲ್ಲಿ ನಿರೂಪಕನೊಬ್ಬ ತಮಾಂಗ್‌ರಂಥ ನೇಪಾಳಿ ಭಾಷಿಕರನ್ನು ಕಾವಲುಗಾರರೆಂದು ಆಡಿಕೊಂಡ. ಅದರ ಬೆಂಕಿ ಬೆಟ್ಟದ ಬುಡದ ಸಿಲಿಗುರಿಗೆ ತಗುಲಿ ಗಲಭೆಯಾಗಿ, ಕರ್ಫ್ಯೂ ಹಾಕಬೇಕಾಯಿತು. ಇಷ್ಟರಲ್ಲಿ ತಮಾಂಗ್‌ಗಾಗಿ ಮತ ಒಗ್ಗೂಡಿಸಲು ಮುಂದೆ ನಿಂತಿದ್ದ ಬಿಮಲ್ ಗುರುಂಗ್ ಗಾಯಕನ ಅಲೆಯ ಮೇಲೇ ನಾಯಕನಾಗಿ, ಅಕ್ಟೋಬರ್‌ನಲ್ಲಿ ಗೋರ್ಖಾ ಜನಮುಕ್ತಿ ಮೋರ್ಚಾ ಎಂಬ ಪಕ್ಷ ಕಟ್ಟಿದರು. ಸ್ಪರ್ಧೆಯ ಉಸಾಬರಿಗೇ ಹೋಗದೆ ದೂರ ಉಳಿದಿದ್ದ ಬೆಟ್ಟದ ಹಳೆಯ ದೊರೆ ಸುಭಾಷ್ ಘೀಸಿಂಗ್ 2008ರಲ್ಲಿ ಬೆಟ್ಟದ ಆಡಳಿತ ಮಂಡಳಿಯ ಕುರ್ಚಿ ಬಿಟ್ಟರು. ಆ ಸೀಸನ್ನಿನಲ್ಲಿ ಎಲಿಮಿನೇಟ್ ಆದವರ ಪಟ್ಟಿಗೆ ಅವರ ಹೆಸರನ್ನೂ ಸೇರಿಸಿಕೊಳ್ಳಬೇಕು.