ಆಪರೇಷನ್ ಆದ ಮೇಲೆ ನಾವು ಯಾರ ರೋಗಿಗಳು?

ಮಾನ್ಯ ಆರೋಗ್ಯ ಸಚಿವರೇ,

ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಮಾಡಿಸಿಕೊಂಡೆ. ಆಪರೇಷನ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ, ರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು ತಪ್ಪಿದೆ, ಮಹಡಿಯ ಮೇಲಿನ ತರಗತಿಗೆ ಎಲ್ಲೂ ನಿಲ್ಲದೆ ಹತ್ತಿ ಹೋಗುತ್ತೇನೆ. ನಾನು ಹೇಳಬೇಕಾಗಿರುವುದು ಆಪರೇಷನ್ ಆದ ನಂತರದ ಬದುಕಿನ ಬಗ್ಗೆ. ಅದು ಬೆಂಗಳೂರಿನಲ್ಲಿ ಮುಗಿಯುವುದಿಲ್ಲ. ನಮ್ಮ ನಮ್ಮ ಊರುಗಳಲ್ಲಿ, ಸಾಯುವವರೆಗೂ ನಡೆಯುತ್ತದೆ. ಊರುಗಳಲ್ಲಿ ಮಾತ್ರ ಅದನ್ನು ಬಲ್ಲವರು, ನೋಡಿಕೊಳ್ಳುವವರು ಯಾರೂ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡಾಗ ನಾಡೇ ಮರುಗಿತು. ಅಂದಿನಿಂದ ನಮ್ಮ ಕಡೆ ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಆಪರೇಷನ್ ಎಂದರೂ ಜನ ಅದನ್ನೇ ನೆನೆಯುತ್ತಾರೆ, ಅಂದ ಹೆಚ್ಚಿಸಿಕೊಳ್ಳಲು ಮಾಡಿಸುವುದು ಎನ್ನುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ಜಠರ ಮತ್ತು ಕರುಳಿನ ರಚನೆಯನ್ನೇ ಬದಲಿಸುವುದು ಬೇರೆ. ಸ್ಲೀವ್ ಎಂಬ ಬಗೆಯಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ತಿಂದ ಅನ್ನ ಕರುಳಿನ ಮೊದಲ ಭಾಗವನ್ನು ಮುಟ್ಟುವುದೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಮೈ ಹೀರಿಕೊಳ್ಳುವುದು ಮುಖ್ಯವಾಗಿ ಅಲ್ಲೇ. ಹಾಗಾಗಿ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ನಮಗೆ ಜೀವನಪರ್ಯಂತ ಬೇಕು. ಅವು ನಮ್ಮ ಪಾಲಿಗೆ ಟಾನಿಕ್ ಅಲ್ಲ, ಚಿಕಿತ್ಸೆಯ ಉಳಿದ ಭಾಗ.

ಊಟದ ವಿಷಯಕ್ಕೆ ಬರುತ್ತೇನೆ. ನನಗೆ ಡಿಸ್ಚಾರ್ಜ್ ಆಗುವಾಗ ಕೊಟ್ಟ ಆಹಾರದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಓಟ್ಸ್ ಇತ್ತು, ಬ್ರೊಕೋಲಿ ಇತ್ತು, ಡಬ್ಬಿಯ ಪ್ರೋಟೀನ್ ಪುಡಿ ಇತ್ತು. ಮುದ್ದೆಯ ಮಾತೇ ಇರಲಿಲ್ಲ. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದು ತಿನ್ನುವವರನ್ನು ಕಂಡರೆ ಮಕ್ಕಳೂ ನಗುತ್ತವೆ. ಹುಟ್ಟಿದಂದಿನಿಂದ ಹಾಗೆ ನುಂಗಿ ಬೆಳೆದವರ ಚೀಲಕ್ಕೂ ಕರುಳಿಗೂ ನಡುವೆ ಈಗ ಬೆರಳು ತೂರುವಷ್ಟೂ ದಾರಿಯಿಲ್ಲ. ಅಂಟಂಟಾದ ತುತ್ತು ಅಲ್ಲಿ ಸಿಕ್ಕಿಕೊಂಡರೆ ಎದೆಯ ನಡುವೆ ಹಿಂಡುವ ನೋವು, ಬಾಯಿ ತುಂಬ ನೊರೆ, ಕೊನೆಗೆ ವಾಂತಿ. ಇಷ್ಟನ್ನು ಯಾರಾದರೂ ಕನ್ನಡದಲ್ಲಿ ಮೊದಲೇ ಹೇಳಬಹುದಿತ್ತು. ಮೊದಲ ಎರಡು ವಾರ ನೀರಾಗಿರುವುದು ಮಾತ್ರ: ಬೇಳೆಯ ಕಟ್ಟು, ಸೋಸಿದ ಗಂಜಿ ತಿಳಿ, ನೀರುಮಜ್ಜಿಗೆ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿರುವುದು. ರಾಗಿ ಬೇಕೆಂದರೆ ಅಂಬಲಿ ಮಾಡಿ ಗುಟುಕರಿಸಬಹುದು.

ಇನ್ನು ಪ್ರೋಟೀನು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಏಳರ ಆಸುಪಾಸು. ಅಂದರೆ ನಾಲ್ಕು ತುತ್ತಿಗೆ ತುಂಬಿಬಿಡುವ ಹೊಟ್ಟೆಯಲ್ಲಿ ಮುದ್ದೆಗೂ ಅನ್ನಕ್ಕೂ ಮೊದಲ ಜಾಗ ಕೊಡುವಂತಿಲ್ಲ. ಮೊದಲು ಮೊಟ್ಟೆ, ಮೀನು, ದಪ್ಪ ಬೇಳೆ, ಗಟ್ಟಿ ಮೊಸರು, ಮೊಳಕೆ ಬಂದ ಹೆಸರುಕಾಳು. ಜಾಗ ಉಳಿದರೆ ಅನ್ನ. ಸಸ್ಯಾಹಾರಿ ಮನೆಗಳಲ್ಲಿ ಈ ಲೆಕ್ಕ ಇನ್ನೂ ಕಷ್ಟ, ಪನೀರೋ ಸೋಯಾನೋ ಇಲ್ಲದೆ 60 ಮುಟ್ಟುವುದಿಲ್ಲ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಒಂದು ಹೊತ್ತಿನ ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಶಾಲೆಯ ಊಟದ ಬಿಡುವಿನಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಬಡಿಸುವುದನ್ನು ನೋಡಿಕೊಂಡು, ನನ್ನ ಡಬ್ಬಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಕೂಲಿಗೆ ಹೋಗುವವರು, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಹೇಗೆ ಮಾಡುತ್ತಾರೋ!

ಮದುವೆ ಮನೆಯ ಪಂಕ್ತಿಯದು ಮತ್ತೊಂದು ಕಥೆ. ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ, ಬೇಡವೆಂದರೆ ಬಡಿಸುವವರಿಗೆ ಅವಮಾನ. ಮನಸ್ಸು ತಡೆಯದೆ ಒಂದು ಹೋಳಿಗೆ ತಿಂದರೆ, ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ. ಕೆಲವರಿಗೆ ಒಂದೆರಡು ಗಂಟೆ ಕಳೆದ ಮೇಲೆ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಗೊತ್ತಿದ್ದವರು ಮಲಗಿ ಸುಧಾರಿಸಿಕೊಳ್ಳುತ್ತಾರೆ, ಗೊತ್ತಿಲ್ಲದವರು ಹೃದಯಾಘಾತ ಎಂದು ಹೆದರುತ್ತಾರೆ.

ಸಚಿವರೇ, ಈ ಪತ್ರ ಬರೆಯಲು ಮುಖ್ಯ ಕಾರಣ ಇನ್ನೂ ಗಂಭೀರವಾದದ್ದು. ಆಪರೇಷನ್ ಆದವರಿಗೆ ಮೊದಲ ತಿಂಗಳುಗಳಲ್ಲಿ ವಾಂತಿ ಬಿಡದೆ ಹತ್ತಿಕೊಳ್ಳುವುದುಂಟು. ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್ನಿನ ದಾಸ್ತಾನು ಇರುವುದೇ ಎರಡು ಮೂರು ವಾರಕ್ಕಾಗುವಷ್ಟು. ಸುಸ್ತಾದವರನ್ನು ಮನೆಯವರು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ‘ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎನ್ನುತ್ತಾರೆ. ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ, ಉಳಿದಿದ್ದ ಚೂರುಪಾರು ಥಯಮಿನ್ನೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣುಗುಡ್ಡೆ ಅದುರುತ್ತದೆ, ನಡೆದರೆ ತೂರಾಡುತ್ತಾರೆ, ಮಾತು ತಡವರಿಸುತ್ತದೆ, ನೆನಪು ಶಾಶ್ವತವಾಗಿ ಹಾಳಾಗಬಹುದು. ಕುಡುಕರಲ್ಲಿ ಈ ಕಾಯಿಲೆಯನ್ನು ನಮ್ಮ ವೈದ್ಯರು ಚೆನ್ನಾಗಿ ಗುರುತಿಸುತ್ತಾರೆ. ಒಂದು ಹನಿ ಮದ್ಯ ಮುಟ್ಟದ ಗೃಹಿಣಿಯಲ್ಲಿ ಗುರುತಿಸಬೇಕಾದರೆ ಆಕೆಗೆ ಬೇರಿಯಾಟ್ರಿಕ್ ಸರ್ಜರಿ ಆಗಿದೆ ಎಂದು ಕೇಳಿ ತಿಳಿದಿರಬೇಕು, ಕೇಳಿದ ಮೇಲೆ ಅದರ ಅರ್ಥವೂ ಹೊಳೆಯಬೇಕು. ಗ್ಲೂಕೋಸಿಗೆ ಮೊದಲು ಥಯಮಿನ್ ಚುಚ್ಚುಮದ್ದು ಕೊಟ್ಟರೆ ಇಷ್ಟೆಲ್ಲ ತಪ್ಪುತ್ತದೆ. ಅದು ದುಬಾರಿ ಔಷಧವೂ ಅಲ್ಲ.

ಇಂಥವೇ ಇನ್ನೂ ಕೆಲವಿವೆ. ಬೈಪಾಸ್ ಆದವರು ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದರೆ ಚೀಲ ಮತ್ತು ಕರುಳು ಕೂಡುವ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ನಮ್ಮ ಊರಿನ ಕ್ಲಿನಿಕ್ಕೊಂದರಲ್ಲಿ ನಾನು ಮಂಡಿನೋವು ಎಂದಾಗ ಬರೆದುಕೊಟ್ಟದ್ದು ಅದನ್ನೇ. ಬೇಡ, ನನಗೆ ಪ್ಯಾರಸಿಟಮಾಲ್ ಸಾಕು ಎಂದಾಗ ಅವರಿಗೆ ಸಿಟ್ಟು ಬಂತು. ವಿಜ್ಞಾನ ಓದಿದ ನಾನು ವಾದಿಸಿದೆ. ಓದಿಲ್ಲದ ತಾಯಂದಿರು ವಾದಿಸಬಲ್ಲರೇ? ವರ್ಷಗಳು ಕಳೆದ ಮೇಲೂ ಬೈಪಾಸ್ ಆದವರಿಗೆ ಬಿಟ್ಟು ಬಿಟ್ಟು ಹೊಟ್ಟೆನೋವು ಬಂದರೆ ಒಳಗೆ ಕರುಳು ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಗ್ಯಾಸ್ ಎಂದು ತಳ್ಳಿಹಾಕಿದರೆ ಕರುಳೇ ಕೊಳೆಯಬಹುದು.

ಹೆಣ್ಣುಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ದಪ್ಪಗಿದ್ದಾಳೆಂದು ಗಂಡು ಸಿಗದ ಹುಡುಗಿಗೆ ಹೆತ್ತವರು ಸಾಲ ಮಾಡಿ ಈ ಆಪರೇಷನ್ ಮಾಡಿಸುತ್ತಾರೆ. ತೂಕ ಇಳಿಯುತ್ತಲೇ ಮದುವೆ, ಮದುವೆಯಾಗುತ್ತಲೇ ‘ಏನೂ ವಿಶೇಷ ಇಲ್ವಾ?’ ಎಂಬ ಪ್ರಶ್ನೆ. ಆಪರೇಷನ್ ಆಗಿ 12ರಿಂದ 18 ತಿಂಗಳು ಗರ್ಭ ಧರಿಸಬಾರದು ಎಂಬುದು ವೈದ್ಯಶಾಸ್ತ್ರದ ಸಲಹೆ, ಏಕೆಂದರೆ ತಾಯಿಯ ಮೈಯೇ ಆಗ ಕೊರತೆಯಲ್ಲಿರುತ್ತದೆ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ಆದವರು ಗರ್ಭನಿರೋಧಕ ಮಾತ್ರೆಯನ್ನು ನಂಬುವಂತೆಯೂ ಇಲ್ಲ. ಈ ಮಾತನ್ನು ಅತ್ತೆಗೆ, ಗಂಡನಿಗೆ ಕೂರಿಸಿ ಹೇಳಬಲ್ಲವರು ಆಶಾ ಕಾರ್ಯಕರ್ತೆಯರು. ಅವರಿಗೆ ಈ ವಿಷಯವನ್ನು ಕಲಿಸಿಕೊಡಬೇಕು.

ಮೂರು ನಾಲ್ಕನೇ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಬಹುಪಾಲು ಜನರಿಗೆ ಅದು ಮತ್ತೆ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಹಾಗೆಂದು ಧೈರ್ಯ ಹೇಳುವವರು ಬೇಕು. ಹೊಟ್ಟೆ, ತೋಳುಗಳ ಚರ್ಮ ಜೋತುಬಿದ್ದು ಬೇಸಿಗೆಯಲ್ಲಿ ಬೆವರಿ ಹುಣ್ಣಾಗುತ್ತದೆ. ಸಣ್ಣಗಾದದ್ದನ್ನು ಕಂಡು ‘ಏನಾದ್ರೂ ದೊಡ್ಡ ಕಾಯಿಲೆನಾ ಟೀಚರ್?’ ಎಂದು ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ದುಃಖಕ್ಕೋ ಬೇಸರಕ್ಕೋ ತಿಂದು ಸಮಾಧಾನಪಟ್ಟುಕೊಳ್ಳುತ್ತಿದ್ದವರಿಗೆ ಆ ದಾರಿ ಮುಚ್ಚಿರುತ್ತದೆ. ಕೆಲವರು ಕುಡಿತಕ್ಕೆ ತಿರುಗುತ್ತಾರೆ, ಬೈಪಾಸ್ ಆದವರಿಗೆ ಮದ್ಯ ಬಹು ಬೇಗ ರಕ್ತಕ್ಕೇರುತ್ತದೆ. ಆಪರೇಷನ್ ನಂತರದ ವರ್ಷಗಳಲ್ಲಿ ಆತ್ಮಹತ್ಯೆಯ ಅಪಾಯವೂ ಹೆಚ್ಚೆಂದು ಅಧ್ಯಯನಗಳು ಎಚ್ಚರಿಸಿವೆ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಎಲ್ಲ ಆಸ್ಪತ್ರೆಗಳೂ ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ.

ದುಡ್ಡಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಮುಟ್ಟಿದವರಿಗೆ, ತೀವ್ರ ಕಾಯಿಲೆಗಳಿದ್ದರೆ 35 ಇದ್ದವರಿಗೂ, ವೈದ್ಯರ ಸಲಹೆಯ ಮೇರೆಗೆ ಈ ಆಪರೇಷನ್ನಿಗೆ ವಿಮೆ ಸಿಗಬಹುದು. ಒಳ್ಳೆಯದೇ ಆಯಿತು. ಆದರೆ ಸಾಮಾನ್ಯ ಪಾಲಿಸಿಗಳು ಮನೆಗೆ ಬಂದ ಮೇಲಿನ 60 ಅಥವಾ 90 ದಿನಗಳ ಖರ್ಚು ಕೊಟ್ಟು ಕೈತೊಳೆದುಕೊಳ್ಳುತ್ತವೆ. ನಮ್ಮ ಮಾತ್ರೆ, ರಕ್ತಪರೀಕ್ಷೆಗಳು ಬದುಕಿರುವಷ್ಟು ಕಾಲ. ಮೂರನೇ ವರ್ಷಕ್ಕೆ ಮಾತ್ರೆ ಬಿಟ್ಟವರು ಐದನೇ ವರ್ಷಕ್ಕೆ ರಕ್ತಹೀನತೆ, ಕೈಕಾಲು ಜೋಮು, ಸವೆದ ಮೂಳೆಗಳೊಂದಿಗೆ ತಮ್ಮ ಸರ್ಕಾರಿ ಆಸ್ಪತ್ರೆಗೇ ಬರುತ್ತಾರೆ.

ಹಾಗಾದರೆ ಏನು ಮಾಡಬಹುದು? ಹೊಸ ಆಸ್ಪತ್ರೆ ಬೇಡ. ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಜಿಲ್ಲಾಸ್ಪತ್ರೆಗಳಲ್ಲಿ ಈಗಾಗಲೇ ಇದೆ. ತಿಂಗಳಿಗೆ ಒಂದು ದಿನ ಅಲ್ಲಿ ನಮಗೆಂದು ಮೀಸಲಿಡಿ. ಒಬ್ಬ ವೈದ್ಯರು, ಒಬ್ಬ ಆಹಾರ ತಜ್ಞೆ, ಒಬ್ಬ ಆಪ್ತಸಮಾಲೋಚಕರು ಇದ್ದರೆ ಸಾಕು. ಬಿ12, ಫೆರಿಟಿನ್, ವಿಟಮಿನ್ ಡಿ ಪರೀಕ್ಷೆಗಳು ಜಿಲ್ಲಾ ಪ್ರಯೋಗಾಲಯದಲ್ಲೇ ಆಗಲಿ. ಮಾತ್ರೆ, ಚುಚ್ಚುಮದ್ದುಗಳು ಸರ್ಕಾರಿ ಔಷಧಾಲಯದಲ್ಲಿ ಸಿಗಲಿ. ಮುದ್ದೆ, ಜೋಳದ ರೊಟ್ಟಿ, ಕುಚಲಕ್ಕಿ ಗಂಜಿ, ಮೀನು ಸಾರು ಎಲ್ಲಕ್ಕೂ ಜಾಗವಿರುವ ಕನ್ನಡದ ಕೈಪಿಡಿಯೊಂದನ್ನು ತಮ್ಮ ಇಲಾಖೆಯೇ ತರಲಿ. ಆಪರೇಷನ್ ಮಾಡುವ ಆಸ್ಪತ್ರೆಗಳು ತಮ್ಮ ರೋಗಿಗಳು ಒಂದು, ಎರಡು, ಐದು ವರ್ಷಗಳ ನಂತರ ಹೇಗಿದ್ದಾರೆಂದು ಇಲಾಖೆಗೆ ವರದಿ ಮಾಡುವುದನ್ನು ಕಡ್ಡಾಯ ಮಾಡಿ. ಸಣ್ಣಗಾದವರ ಫೋಟೊ ಹಾಕಿ ಜಾಹೀರಾತು ಕೊಡುವವರಿಗೆ ಈ ವರದಿ ಭಾರವಾಗಬಾರದು.

ಇವಕ್ಕೆಲ್ಲ ಸಮಯ ಹಿಡಿಯುತ್ತದೆ ಎಂದು ಬಲ್ಲೆ, ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಕಾಗುತ್ತದೆ. ಒಂದು ಕೆಲಸಕ್ಕೆ ಮಾತ್ರ ಅದು ಯಾವುದೂ ಬೇಡ. ತಾಲ್ಲೂಕು ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳ ಕರ್ತವ್ಯನಿರತ ವೈದ್ಯರಿಗೆ ಒಂದು ಪುಟದ ಸುತ್ತೋಲೆ ಹೊರಡಿಸಿ: ವಾಂತಿ ಎಂದು ಬಂದವರಿಗೆ ತೂಕ ಇಳಿಸುವ ಆಪರೇಷನ್ ಆಗಿದೆಯೇ ಎಂದು ಕೇಳಿ, ಆಗಿದ್ದರೆ ಗ್ಲೂಕೋಸಿಗೆ ಮೊದಲು ಥಯಮಿನ್ ಕೊಡಿ, ನೋವಿಗೆ ಡೈಕ್ಲೋಫಿನಾಕ್ ಬೇಡ, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವಿದ್ದರೆ ಅದೇ ದಿನ ಸರ್ಜನ್ ಇರುವ ಆಸ್ಪತ್ರೆಗೆ ಕಳುಹಿಸಿ. ಆ ಸುತ್ತೋಲೆಯನ್ನು ಈ ತಿಂಗಳೇ ಕಳುಹಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ
ಚಿತ್ರದುರ್ಗ ಜಿಲ್ಲೆ