ಸೆರೆಮನೆಯಲ್ಲ, ನೆರೆಮನೆ

ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿಶಾಲೆಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ಅಲ್ಲಿ ಓದಿ ಬಾಳಿಗೊಂದು ದಾರಿ ಕಂಡುಕೊಂಡರು. ತಂದೆತಾಯಿಯರ ಕಣ್ಣಿಗೆ ದೂರವಾದ ಆ ಎಳೆಯರ ಕಾಲು ಜಾರದಂತೆ ಕಾಯ್ದುದು ಪೊಲೀಸರ ಲಾಠಿಯಲ್ಲ. ಮಾಸ್ತರರ ಅಕ್ಕರೆ ಮತ್ತು ಊರ ಹಿರಿಯರ ವಿಚಾರಣೆ.

ಇಂದು ಅದೇ ವಯಸ್ಸಿನ ಹುಡುಗನೊಬ್ಬ ಮೊಬೈಲು ಕದ್ದನೆಂದೋ ಹೊಡೆದಾಟದಲ್ಲಿ ಸಿಕ್ಕಿಬಿದ್ದನೆಂದೋ ಕೇಳಿದೊಡನೆ, "ಡೋಂಗ್ರಿಗೆ ಹಾಕಲಿ, ಬುದ್ಧಿ ಬರುತ್ತದೆ" ಎನ್ನುವವರು ನಮ್ಮಲ್ಲಿಯೇ ಇದ್ದಾರೆ. ಈ ಮಾತು ವಿವೇಕಕ್ಕೂ ಒಪ್ಪುವಂಥದಲ್ಲ, ಕಾನೂನಿಗೂ ಒಪ್ಪುವಂಥದಲ್ಲ.

2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಬಾಲನ್ಯಾಯ ಮಂಡಳಿಯು ಬುದ್ಧಿವಾದ ಹೇಳಿ ಮನೆಗೆ ಕಳುಹಿಸಬಹುದು, ಆಪ್ತಸಲಹೆ ಕೊಡಿಸಬಹುದು, ಸಮಾಜಸೇವೆಯನ್ನು ವಿಧಿಸಬಹುದು, ತಂದೆತಾಯಿಯರ ಅಥವಾ ಯೋಗ್ಯರೊಬ್ಬರ ಹೊಣೆಯಲ್ಲಿ ಬಿಡಬಹುದು.

ಇದಕ್ಕೆ ವೈದ್ಯಶಾಸ್ತ್ರದ ಆಧಾರವೂ ಉಂಟು. ಆವೇಗವನ್ನು ತಡೆದು ಮುಂದಾಲೋಚನೆಗೆ ನೆರವಾಗುವ ಮಿದುಳಿನ ಮುಂಭಾಗವು ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಹದಿಹರೆಯದಲ್ಲಿ ಎಡವಿದವರಲ್ಲಿ ಬಹುಮಂದಿ ವಯಸ್ಸು ಬಲಿತಂತೆ ತಾವಾಗಿಯೇ ತಿದ್ದಿಕೊಳ್ಳುತ್ತಾರೆ. ಅಂಥವನನ್ನು ಕೂಡಿಹಾಕಿದರೆ ಶಾಲೆ ತಪ್ಪುತ್ತದೆ, ಮನೆಯ ನಂಟು ಸಡಿಲುತ್ತದೆ, ತನಗಿಂತ ಹೆಚ್ಚು ಪಳಗಿದವರ ಸಹವಾಸ ದೊರೆಯುತ್ತದೆ.

ಹಾಗಾದರೆ ನೊಂದವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದುದೇ. ಹದಿನಾರು ತುಂಬಿದವರ ಘೋರ ಅಪರಾಧಗಳಿಗೆ ಕಾಯಿದೆಯಲ್ಲಿ ಬೇರೆ ವಿಧಾನವೇ ಇದೆ. ಉಳಿದವರಿಗೂ ನಾವು ಕೇಳುತ್ತಿರುವುದು ವಿನಾಯಿತಿಯನ್ನಲ್ಲ. ಪ್ರೊಬೇಷನ್ ಅಧಿಕಾರಿಗೆ ಲೆಕ್ಕ ಒಪ್ಪಿಸುತ್ತ, ಗುರುತಿನವರ ಕಣ್ಣೆದುರಿನಲ್ಲೇ ದುಡಿದು ತಪ್ಪನ್ನು ತೊಳೆದುಕೊಳ್ಳುವುದು ಗೋಡೆಯ ಹಿಂದೆ ದಿನ ನೂಕುವುದಕ್ಕಿಂತ ಸುಲಭವೇನಲ್ಲ.

ಇಲ್ಲಿಯೇ ನಮ್ಮಂಥ ಸಂಘಗಳ ಕರ್ತವ್ಯ ಆರಂಭವಾಗುತ್ತದೆ. ಮಂಡಳಿಯು ವಿಧಿಸುವ ಸಮಾಜಸೇವೆಯು ಒಂದು ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಡೆಯಬಹುದೆಂದು ಕಾಯಿದೆಯ 18ನೆಯ ವಿಧಿ ಹೇಳುತ್ತದೆ. ನಮ್ಮಲ್ಲಿ ವಾಚನಾಲಯವಿದೆ, ಆರೋಗ್ಯ ಶಿಬಿರಗಳಿವೆ, ನಿವೃತ್ತ ಅಧ್ಯಾಪಕರಿದ್ದಾರೆ, ವೈದ್ಯರಿದ್ದಾರೆ. ಹುಡುಗನೊಬ್ಬ ಪುಸ್ತಕಗಳನ್ನು ಜೋಡಿಸಲಿ, ಶಿಬಿರಕ್ಕೆ ಬಂದ ವೃದ್ಧರ ಕೈಹಿಡಿದು ನಡೆಸಲಿ, ಸಂಜೆ ಒಂದು ಗಂಟೆ ಪಾಠ ಹೇಳಿಸಿಕೊಳ್ಳಲಿ. ಅವನು ಕನ್ನಡದವನೇ ಆಗಬೇಕೆಂದಿಲ್ಲ; ನಮಗೆ ಅನ್ನ ಕೊಟ್ಟ ಊರಿನ ಮಗನಾದರೆ ಸಾಕು.

ಕಾರ್ಯಕಾರಿ ಸಮಿತಿಯು ನಮ್ಮ ಸಿದ್ಧತೆಯನ್ನು ತಿಳಿಸಿ ಮಂಡಳಿಗೆ ಈ ವರ್ಷವೇ ಪತ್ರ ಬರೆಯಬೇಕೆಂದು ನನ್ನ ವಿನಂತಿ. ವರುಷಕ್ಕೆ ಒಬ್ಬನೇ ಹುಡುಗ ಬಂದರೂ ಸರಿಯೇ. ಹಿಂದೆ ನಮ್ಮ ಹಿರಿಯರಿಗಾಗಿ ಯಾರೋ ರಾತ್ರಿಯ ಹೊತ್ತು ದೀಪ ಹಚ್ಚಿಟ್ಟಿದ್ದರು. ಆ ಋಣವನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಮಾರ್ಗ ನನಗೆ ಕಾಣದು.